ತೆಪ್ಪಕ್ಕೆ ಸಗಣಿ ಸಾರಿಸಿದ್ದು

ಸಾಬರು ನಮ್ಮ ತೆಪ್ಪಕ್ಕೆ ಬಳಿದ ಟಾರು ಚೆನ್ನಾಗಿಯೇ ಇತ್ತು. ಅದು ನಡುಹೊಳೆಯಲ್ಲಿ ಕಿತ್ತುಕೊಂಡು ಹೋದದ್ದು ನನ್ನ ಸಗಣಿಯಿಂದ. ನಡೆದದ್ದು ಇಷ್ಟೇ. ಕಲ್ಲಿನ ತಪ್ಪಲ್ಲ, ಗಳಿಗೆಯ ತಪ್ಪಲ್ಲ, ಪೂಜೆಯಲ್ಲಿ ನಿಂಬೆಹಣ್ಣು ಒಂದು ಕಡಿಮೆ ಬಿದ್ದದ್ದರ ತಪ್ಪೂ ಅಲ್ಲ. ಒಂದು ಕೆಲಸ ಚೆನ್ನಾಗಿ ಬರುವ ಮುದುಕಿ ಆ ಒಂದು ಕೆಲಸವನ್ನು ಜಗತ್ತಿನ ಎಲ್ಲ ಸಾಮಾನಿಗೂ ಮಾಡಬಹುದು ಅಂದುಕೊಂಡರೆ ಏನಾಗುತ್ತದೋ ಅದೇ ಆಯಿತು.

ನನಗೆ ಚೆನ್ನಾಗಿ ಬರುವ ಆ ಒಂದು ಕೆಲಸ ಸಗಣಿ ಸಾರಿಸುವುದು. ಓದು ಮೂರನೇ ಕ್ಲಾಸಿಗೆ ನಿಂತಿತು. ಹಾಡು ಬರುವುದಿಲ್ಲ, ಹೊಲಿಗೆ ಬರುವುದಿಲ್ಲ, ನನ್ನ ಕೈಯ ಹುಳಿಸಾರನ್ನು ಮನೆಯವರು ಹಸಿವಿಗೆ ತಿನ್ನುತ್ತಾರೆಯೇ ಹೊರತು ರುಚಿಗಲ್ಲ. ಆದರೆ ಅಂಗಳಕ್ಕೆ ನಾನು ಸಗಣಿ ಸಾರಿಸಿದರೆ ಅದರ ಮೇಲೆ ಅನ್ನ ಬಡಿಸಿಕೊಂಡು ಉಣ್ಣಬಹುದು. ಮೊರಕ್ಕೆ, ಮಂಕರಿಗೆ, ರಾಗಿ ತುಂಬುವ ಬಿದಿರಿನ ಕಣಜಕ್ಕೆ ನಾನು ಮೆಂತ್ಯದ ಹಿಟ್ಟು ಕಲಸಿ ಸಗಣಿ ಮೆತ್ತಿದರೆ ಒಂದು ಸಾಸಿವೆ ಕಾಳೂ ಈಚೆಗೆ ಬೀಳುವುದಿಲ್ಲ. ಹಬ್ಬ ಬಂತೆಂದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಯಜಮಾನರ ರೇಡಿಯೋದಲ್ಲಿ ಸತ್ತುಹೋದ ಬ್ಯಾಟರಿ ಸೆಲ್ಲುಗಳನ್ನು ಎಸೆಯಲು ಬಿಡದೆ ಒಂದು ಡಬ್ಬಿಯಲ್ಲಿ ಕೂಡಿಟ್ಟಿರುತ್ತೇನೆ. ಅವುಗಳನ್ನು ಕುಟ್ಟಿ ಒಳಗಿನ ಕಪ್ಪು ಪುಡಿ ತೆಗೆದು ಸಗಣಿಗೆ ಬೆರೆಸಿದರೆ ನೆಲ ಎಮ್ಮೆಯ ಬೆನ್ನಿನ ಹಾಗೆ ಮಿರಮಿರ ಮಿಂಚುತ್ತದೆ. ಯಜಮಾನರು ಸುದ್ದಿ ಕೇಳುವುದಕ್ಕೆ ರೇಡಿಯೋ ಇಟ್ಟುಕೊಂಡಿದ್ದಾರೆ, ನಾನು ಅಂಗಳಕ್ಕಾಗಿ ಅದನ್ನು ಸಹಿಸಿಕೊಂಡಿದ್ದೇನೆ. ನನ್ನ ಸೊಸೆ ಭಾಗ್ಯಳಿಗೆ ನಾಲ್ಕು ವರ್ಷದಿಂದ ಹೇಳಿಕೊಡುತ್ತಿದ್ದೇನೆ, ಕೈ ಅರ್ಧಚಂದ್ರದ ಹಾಗೆ ಬಲದಿಂದ ಎಡಕ್ಕೆ ಬರಬೇಕು ಎಂದು. ಅವಳು ಎಸ್ಸೆಸ್ಸೆಲ್ಸಿ ಓದಿದವಳು, ಸ್ಕೇಲು ಇಟ್ಟು ಗೆರೆ ಎಳೆದ ಹಾಗೆ ನೆಟ್ಟಗೆ ಎಳೆಯುತ್ತಾಳೆ.

ಇನ್ನು ತೆಪ್ಪದ ವಿಷಯ. ನನ್ನ ತವರು ಕ್ಯಾತನಹಳ್ಳಿ. ಅಲ್ಲಿ ನಾನು ಕಂಡ ದೊಡ್ಡ ನೀರೆಂದರೆ ಕಬ್ಬಿನ ಗದ್ದೆಗೆ ಹರಿಯುವ ಕಾಲುವೆ. ಎಮ್ಮೆ ಬಿದ್ದುಕೊಂಡರೆ ನೀರು ನಿಲ್ಲುತ್ತಿತ್ತು, ಅಷ್ಟು. ಮದುವೆಯಾಗಿ ಶ್ರೀರಂಗಪಟ್ಟಣದ ಪಕ್ಕದ ಈ ಊರಿಗೆ ಬಂದ ಮೂರನೇ ದಿನ ನಮ್ಮತ್ತೆ ನನ್ನನ್ನು ಹೊಳೆದಂಡೆಗೆ ಕರೆದುಕೊಂಡು ಹೋಗಿ, "ತೆಪ್ಪ ಅತ್ತು ಅಮ್ಮಿ" ಅಂದರು. ಎದುರಿಗೆ ನೋಡಿದರೆ ಒಂದು ದೊಡ್ಡ ಬುಟ್ಟಿ. ಅದಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ಹತ್ತಿ ಕೂತರೆ ಆಚೆ ದಡಕ್ಕೆ ಹೋಗುವ ಬದಲು ತನ್ನಷ್ಟಕ್ಕೆ ತಾನು ಸುತ್ತುತ್ತದೆ. ನಾನು ಅವತ್ತು ಬೆಳಗಿನ ರೊಟ್ಟಿಯನ್ನೆಲ್ಲ ಕಾವೇರಿಗೆ ಒಪ್ಪಿಸಿದೆ. ಆಮೇಲೆ ಅಭ್ಯಾಸವಾಯಿತು, ಆಗಲೇಬೇಕಿತ್ತು. ನಮ್ಮ ಒಂದೂವರೆ ಎಕರೆ ಇರುವುದು ಹೊಳೆ ನಡುವಿನ ಗಡ್ಡೆಯಲ್ಲಿ. ನಮ್ಮ ಮೂರು ಹಸುಗಳಿಗೂ ಹುಲ್ಲು ಅಲ್ಲಿಂದಲೇ ಬರಬೇಕು. ತೆಪ್ಪ ಇಲ್ಲವೆಂದರೆ ಹುಲ್ಲಿಲ್ಲ, ಹುಲ್ಲಿಲ್ಲವೆಂದರೆ ಡೈರಿಗೆ ಹಾಲಿಲ್ಲ. ನಾಗಮಂಗಲಕ್ಕೆ ಕೊಟ್ಟಿರುವ ನನ್ನ ನಾದಿನಿ ಬಂದಾಗಲೆಲ್ಲ ದಂಡೆಯಲ್ಲೇ ನಿಂತು, "ನಮ್ಮೂರಲ್ಲಿ ನೀರೇ ಇಲ್ಲ, ಅದ್ಕೇ ನಮ್ಗೆ ಈ ತಾಪತ್ರಯ ಒಂದೂ ಇಲ್ಲ ಅತ್ಗೆ" ಎಂದು ಜಂಬ ಕೊಚ್ಚಿಕೊಳ್ಳುತ್ತಾಳೆ. ನೀರಿಲ್ಲದ್ದಕ್ಕೂ ಜಂಬಪಡುವ ಜನ ನಮ್ಮ ಯಜಮಾನರ ವಂಶದಲ್ಲಿ ಮಾತ್ರ ಸಿಗುತ್ತಾರೆ.

ತೆಪ್ಪ ಅಂದರೆ ಬಿದಿರಿನ ಹೆಣಿಗೆ, ಅದರ ಹೊರಮೈಗೆ ಗೊಬ್ಬರದ ಚೀಲಗಳನ್ನು ಬಿಚ್ಚಿ ಹೊಲಿದ ಹೊದಿಕೆ, ಹೊದಿಕೆಯ ಮೇಲೆ ಟಾರು. ನಮ್ಮ ಮಾವನ ಕಾಲದಲ್ಲಿ ಚರ್ಮ ಹೊದಿಸುತ್ತಿದ್ದರಂತೆ. ಹೊಳೆಯ ತಳವೆಲ್ಲ ಬಂಡೆ. ಉಜ್ಜಿ ಉಜ್ಜಿ, ದಂಡೆಯ ಮೇಲೆ ಎಳೆದು ಎಳೆದು, ವರ್ಷ ಎರಡು ವರ್ಷಕ್ಕೆ ಟಾರು ಸವೆದು ಚೀಲದ ಮೇಲಿನ ಅಕ್ಷರ ಕಾಣಿಸಲು ಶುರುವಾಗುತ್ತದೆ. ಅಕ್ಷರ ಕಂಡಿತೆಂದರೆ ಮತ್ತೆ ಬಳಿಯಬೇಕು. ಮೊದಲೆಲ್ಲ ಯಜಮಾನರೇ ಬಳಿಯುತ್ತಿದ್ದರು. ಸೊಂಟ ಹಿಡಿದುಕೊಂಡ ಮೇಲೆ ಬಗ್ಗಲಾರರು. ಆ ಬೇಸಿಗೆ ತೆಪ್ಪದೊಳಗೆ ಕೂತವರ ಕಾಲು ಪಾದದ ತನಕ ನೆನೆಯತೊಡಗಿದಾಗ ಅವರು ಪಟ್ಟಣಕ್ಕೆ ಹೋಗಿ ಖಾದರ್ ಸಾಬರನ್ನು ಕರೆತಂದರು. ಖಾದರ್ ಸಾಬರು ಮಳೆಗಾಲದಲ್ಲಿ ಸೋರುವ ಬಸ್ಸುಗಳ ನೆತ್ತಿಗೆ ಟಾರು ಬಳಿಯುವವರು. ದಪ್ಪ ಗಾಜಿನ ಕನ್ನಡಕ, ಸೈಕಲ್ಲಿನ ಹಿಂದೆ ಟಾರಿನ ಡಬ್ಬ, ಕೈಯಲ್ಲಿ ತೆಂಗಿನ ನಾರಿನ ಕುಂಚ. ತೆಪ್ಪಕ್ಕೆ ಕೈ ಹಾಕುತ್ತಿರುವುದು ಇದೇ ಮೊದಲು.

"ಬಸ್ಸಿನ ಕೆಲಸ ಈಗ ಮೊದಲಿನಷ್ಟಿಲ್ಲ ಅಮ್ಮಾ" ಎಂದು ಅವರು ನನ್ನ ಹತ್ತಿರವೇ ಹೇಳಿದರು. "ಈ ದಂಡೇಲಿ ಎಂಟು ತೆಪ್ಪ ಇದಾವೆ. ನಿಮ್ಮದು ಸೋರದೆ ನಿಂತ್ರೆ ಉಳಿದಿದ್ದು ಏಳೂ ನನ್ನ ಕೈಗೇ ಕೊಡ್ತೀವಿ ಅಂತ ಹೇಳವ್ರೆ. ಹೊಟ್ಟೆಪಾಡಿಗೆ ದಾರಿ ಆಗ್ತದೆ."

ಹೇಳಿದವನು ಬೋರೇಗೌಡ, ಯಜಮಾನರ ಚಿಕ್ಕಪ್ಪನ ಮಗ. ಏನೇ ಹೊಸದು ಬಂದರೂ ಮೊದಲು ನಮ್ಮ ಮನೆಯಲ್ಲಿ ಆಗಲಿ, ಕೆಟ್ಟರೆ ನಮ್ಮದು ಕೆಡಲಿ ಎಂದು ಕಾಯುವ ಮನುಷ್ಯ. ಹೊಸ ತಳಿಯ ಭತ್ತವನ್ನೂ ಹಾಗೆಯೇ ಕಾದ, ಗ್ಯಾಸಿನ ಒಲೆಯನ್ನೂ ಹಾಗೆಯೇ ಕಾದ. ಉಳಿದ ಆರು ತೆಪ್ಪದವರು ಬೋರೇಗೌಡ ಏನು ಮಾಡುತ್ತಾನೋ ಎಂದು ಕಾಯುವವರು.

ಸಾಬರು ತೆಪ್ಪವನ್ನು ಹೊಂಗೆಮರದ ನೆರಳಿಗೆ ಎಳೆಸಿ ಬೋರಲು ಹಾಕಿಸಿದರು. ಎದ್ದು ನಿಂತಿದ್ದ ಹಳೆಯ ಟಾರನ್ನೆಲ್ಲ ಕೆರೆದರು. ಹರಿದ ಕಡೆ ಹೊಸ ಚೀಲ ಇಟ್ಟು ಗೋಣಿದಬ್ಬಳದಿಂದ ಹೊಲಿದರು. ನೀರು ಹಾಕಿ ಉಜ್ಜಿ ಉಜ್ಜಿ ತೊಳೆದರು. ಅಷ್ಟು ಚೊಕ್ಕಟವಾಗಿ ನಾನು ಮೊಮ್ಮಕ್ಕಳನ್ನೂ ತೊಳೆದಿಲ್ಲ. ನಾನು ಕಾಫಿ ತಂದುಕೊಟ್ಟು, ಹೊದಿಕೆಯ ಮೇಲೆ ಕೈಯಾಡಿಸಿ ನೋಡಿದೆ. ಬಿದಿರಿನ ಉಬ್ಬುತಗ್ಗು, ಹೊಲಿಗೆಯ ಸಂದು ಎಲ್ಲ ಕೈಗೆ ಸಿಗುತ್ತಿತ್ತು. ನನ್ನ ಕಣ್ಣಿಗೆ ಅದು ತೆಪ್ಪವಾಗಿ ಕಾಣಲೇ ಇಲ್ಲ. ಸಗಣಿ ಕಾಣದ ದೊಡ್ಡ ಮಂಕರಿಯಾಗಿ ಕಂಡಿತು.

"ಸಾಬರೇ, ಟಾರು ಬಳಿಯಕ್ಕೆ ಮುಂಚೆ ತೆಳ್ಳಗೆ ಒಂದ್ಸಲ ಸಗಣಿ ಸಾರಿಸ್ಬುಟ್ರೆ ಸಂದೆಲ್ಲ ಮುಚ್ಕತದೆ" ಅಂದೆ.

ಸಾಬರು ನಗಲಿಲ್ಲ, ಮರ್ಯಾದಸ್ಥರು. "ಬೇಡ ಅಮ್ಮಾ. ಟಾರು ಚೀಲಕ್ಕೇ ಅಂಟ್ಕೊಬೇಕು. ಮಧ್ಯೆ ಏನೂ ಇರಬಾರದು. ಎರಡು ದಿನ ಒಣಗಲಿ, ಯಾರೂ ಮುಟ್ಟಬೇಡಿ. ಶುಕ್ರವಾರ ನಮಾಜ್ ಮುಗಿಸ್ಕೊಂಡು ಬಂದು ಬಳೀತೀನಿ" ಅಂದರು.

ನಕ್ಕವರು ಯಜಮಾನರು. "ಸಾರಿಸಿ ಮ್ಯಾಲೊಂದು ರಂಗೋಲಿನೂ ಬುಟ್ಬುಡಮ್ಮಿ. ಮೀನುಗಳು ತಳದಲ್ಲಿ ನಿಂತ್ಕಂಡು ನೋಡ್ಲಿ" ಎಂದು ಸೊಂಟ ಹಿಡಿದುಕೊಂಡು ನಕ್ಕರು. ಬೋರೇಗೌಡನೂ ಅಲ್ಲೇ ಇದ್ದ, ಅವನೂ ನಕ್ಕ. ಅವರು ನಗದೆ ಇದ್ದಿದ್ದರೆ ನಾನು ಸುಮ್ಮನೆ ಇರುತ್ತಿದ್ದೆನೋ ಏನೋ. ಇಲ್ಲ, ಸುಳ್ಳು ಯಾಕೆ ಹೇಳಲಿ, ಆಗಲೂ ಇರುತ್ತಿರಲಿಲ್ಲ. ನನ್ನ ಕೈ ಆಗಲೇ ಕಡಿಯಲು ಶುರುವಾಗಿತ್ತು.

ಗುರುವಾರ ಯಜಮಾನರು ಹಸುವಿನ ಹಿಂಡಿ ತರಲು ಸಂತೆಗೆ ಹೋದರು. ಸೊಸೆ ಬಟ್ಟೆ ಒಗೆಯಲು ಹೋದಳು. ನಾನು ಒಂದು ಮಂಕರಿ ಸಗಣಿ ಹೊತ್ತುಕೊಂಡು ಹೊಂಗೆಮರದ ಹತ್ತಿರ ಹೋದೆ. ಬರಿಯ ಸಗಣಿ ಮೆತ್ತಿದರೆ ಹಸಿರುಬಣ್ಣ ಕಂಡುಬಿಡುತ್ತದೆ. ಅದಕ್ಕೆ ಆರು ಸೆಲ್ಲಿನ ಕಪ್ಪುಪುಡಿ ಬೆರೆಸಿದೆ, ಎರಡು ಹಿಡಿ ಮೆಂತ್ಯದ ಹಿಟ್ಟೂ ಹಾಕಿದೆ. ಬೋರಲು ಬಿದ್ದ ತೆಪ್ಪದ ಸುತ್ತ ಮೂರು ಸುತ್ತು ಸುತ್ತಿ, ಅರ್ಧಚಂದ್ರಕ್ಕೆ ಅರ್ಧಚಂದ್ರ ಕೂಡಿಸಿ ಸಾರಿಸಿದೆ. ಒಣಗಿದಾಗ ನೋಡಬೇಕಿತ್ತು! ಎಲ್ಲಿ ಸಗಣಿ, ಎಲ್ಲಿ ಹಳೆಯ ಟಾರಿನ ಕಲೆ ಎಂದು ಹೇಳಲು ಬರುತ್ತಿರಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಚೆಂದವಾಗಿ ಏನನ್ನೂ ಸಾರಿಸಿಲ್ಲ. ಅದನ್ನು ಯಾರಿಗೂ ತೋರಿಸಲಾರೆನಲ್ಲ ಎಂಬುದೊಂದೇ ಬೇಜಾರು.

ಶುಕ್ರವಾರ ಸಾಬರು ಬಂದು ಮೂರು ಕಲ್ಲಿನ ಒಲೆಯ ಮೇಲೆ ಟಾರು ಕಾಯಿಸಿದರು. ಆ ಹೊಗೆಗೆ ಅವರ ಕನ್ನಡಕ ಮಬ್ಬಾಗಿತ್ತು, ಆ ವಾಸನೆಯಲ್ಲಿ ಸಗಣಿಯ ವಾಸನೆ ಹುಡುಕುವುದು ಯಾರಿಂದಲೂ ಆಗದು. ಹೊದಿಕೆಯನ್ನು ಒಮ್ಮೆ ತಟ್ಟಿ ನೋಡಿ, "ಅರೆ, ಎಷ್ಟು ಗಟ್ಟಿಯಾಗಿ ಒಣಗಿದೆ!" ಅಂದರು. ನಾನು ಸೆರಗಿನ ಮರೆಯಲ್ಲಿ ನಕ್ಕೆ. ಕೆಲಸ ನನ್ನದು, ಹೊಗಳಿಕೆ ಗಾಳಿಗೆ ಹೋಯಿತಲ್ಲ ಅಂದುಕೊಂಡೆ.

ಎರಡು ದಿನ ಬಿಟ್ಟು ತೆಪ್ಪವನ್ನು ನೀರಿಗೆ ಇಳಿಸಿದೆವು. ಅರಿಶಿನ ಕುಂಕುಮ ಹಚ್ಚಿ ನಿಂಬೆಹಣ್ಣು ಕೊಯ್ದದ್ದಾಯಿತು. ತೆಪ್ಪದವರೆಲ್ಲ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಸಾಬರು ಒಗೆದ ಅಂಗಿ ಹಾಕಿಕೊಂಡು ಬಂದು ಒಂದು ಪಕ್ಕಕ್ಕೆ ನಿಂತಿದ್ದರು. ಯಜಮಾನರು ಹುಟ್ಟು ಹಿಡಿದರು, ನಾನು ಕುಡುಗೋಲು ಹಗ್ಗ ಇಟ್ಟುಕೊಂಡು ಕೂತೆ, ಪರೀಕ್ಷೆ ಮಾಡುವ ಸಾಹೇಬನ ಹಾಗೆ ಬೋರೇಗೌಡನೂ ಹತ್ತಿದ. ಅರ್ಧ ಹೊಳೆ ದಾಟುವ ತನಕ ಅವನು ತಳವನ್ನೆಲ್ಲ ಅಂಗೈಯಲ್ಲಿ ಒತ್ತಿ ಒತ್ತಿ ನೋಡಿದ.

"ಒಂದು ತೊಟ್ಟು ಇಲ್ಲ ಕಣಣ್ಣೋ! ನಾಳೀಕೆ ನಮ್ದೂ ಕೊಟ್ಬುಡನ" ಅಂದ.

ಆಗ ತಳ ಒಂದು ಬಂಡೆಗೆ ಸವರಿತು. ದಿನವೂ ಸವರುವ ಬಂಡೆಯೇ. ಕೆಳಗಿನಿಂದ ಪರ್ರನೆ ಒಂದು ಸದ್ದು ಬಂತು. ನೋಡಿದರೆ ಪಕ್ಕದಲ್ಲಿ ಒಂದು ಕಪ್ಪು ಹಾಳೆ, ಮಲಗುವ ಚಾಪೆಯಷ್ಟು ಅಗಲ, ಕಾವಲಿಯಿಂದ ಎದ್ದ ದೋಸೆಯ ಹಾಗೆ ಮಡಿಸಿಕೊಳ್ಳದೆ ಮುರಿಯದೆ ಈಚೆಗೆ ಬಂದು, ನಮ್ಮ ಜೊತೆಯಲ್ಲೇ ಸ್ವಲ್ಪ ದೂರ ತೇಲಿ, ಆಮೇಲೆ ಸೆಳೆತಕ್ಕೆ ಸಿಕ್ಕಿ ತನ್ನ ದಾರಿ ಹಿಡಿಯಿತು.

"ಅಣ್ಣೋ, ನನ್ನ ಪಂಚೆ ನೆಂದೋಯ್ತು" ಅಂದ ಬೋರೇಗೌಡ.

"ಎದ್ರಿಕಂಡು ನೀನೇ ಏನಾರ ಮಾಡ್ಕಂಡ್ಯೇನ್ಲಾ" ಅಂದರು ಯಜಮಾನರು.

"ನೀರು ಕಣಣ್ಣೋ! ಕರ್ರಗದೆ! ಟಾರು ಕರಗ್ತಾ ಅದೆ! ಆ ಸಾಬ ಕಲಬೆರಕೆ ಟಾರು ಬಳಿದ್ಬುಟ್ಟವ್ನೆ!"

ಕರಗುತ್ತಿದ್ದದ್ದು ಟಾರಲ್ಲ. ನನ್ನ ಆರು ಸೆಲ್ಲಿನ ಸಗಣಿ ಬಗ್ಗಡವಾಗಿ ಹೊಲಿಗೆಯ ಸಂದಿನಿಂದ ಬುಗ್ಗೆಯೇಳುತ್ತಿತ್ತು. ನೀರು ಸೊಂಟದಷ್ಟೇ ಇತ್ತು, ಯಾರೂ ಸಾಯಲಿಲ್ಲ. ಮೂವರೂ ಇಳಿದು ತೆಪ್ಪವನ್ನು ಎಳೆದುಕೊಂಡು ನಡೆದು ಬಂದೆವು. ದಂಡೆಯ ಮೇಲಿದ್ದವರು ನಮ್ಮ ಕಪ್ಪು ಕಾಲುಗಳನ್ನು ನೋಡಿದರು, ಆಮೇಲೆ ಸಾಬರನ್ನು ನೋಡಿದರು. ಬೋರೇಗೌಡ ಪಂಚೆ ಹಿಂಡುತ್ತ, "ಏನ್ ಸಾಬರೇ, ಟಾರಿಗೆ ಏನ್ ಬೆರೆಸಿದ್ರಿ? ಎಣ್ಣೆಯಾ, ಸೀಮೆಎಣ್ಣೆಯಾ?" ಅಂದ.

ಸಾಬರು ಜಗಳಕ್ಕೆ ಬರಲಿಲ್ಲ. ಡಬ್ಬದಲ್ಲಿ ಉಳಿದಿದ್ದ ಟಾರನ್ನು ಒಂದು ಚೂರು ಚಿವುಟಿ, ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ತಿಕ್ಕಿದರು, ಮೂಸಿದರು, ಮತ್ತೆ ತಿಕ್ಕಿದರು. "ಇಪ್ಪತ್ತು ವರ್ಷ ಆಯ್ತು. ಹಿಂಗೆ ಯಾವತ್ತೂ ಆಗಿಲ್ಲ" ಅಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ. "ಕಣ್ಣು ಮಂಜಾಗ್ತಾ ಇದೆ. ಕಾವು ಸರಿಯಾಗಿ ನೋಡ್ಲಿಲ್ವೇನೋ. ಗೌಡ್ರೇ, ಇನ್ನೊಂದ್ಸಲ ನಾನೇ ಬಳಿದುಕೊಡ್ತೀನಿ."

"ಏನೂ ಬ್ಯಾಡ, ನಮ್ಮ ತೆಪ್ಪಗಳ ತಂಟೆಗೂ ಬರ್ಬ್ಯಾಡಿ" ಎಂದು ಬೋರೇಗೌಡ ಎಲ್ಲರ ಪರವಾಗಿ ಹೇಳಿಬಿಟ್ಟ. ಸಾಬರು ಡಬ್ಬವನ್ನು ಸೈಕಲ್ಲಿಗೆ ಕಟ್ಟಿದರು. ಹತ್ತಿ ತುಳಿಯಲಿಲ್ಲ, ತಳ್ಳಿಕೊಂಡೇ ಹೋದರು.

ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಜಗಿಯುತ್ತ ನಿಂತಿದ್ದೆ. ಊರಿನಲ್ಲಿ ಯಾರ ತಪ್ಪನ್ನಾದರೂ ಮುಖಕ್ಕೆ ಹೊಡೆದ ಹಾಗೆ ಹೇಳುವ ಹೆಂಗಸು ಎಂದು ನನಗೆ ಹೆಸರಿದೆ. ಆ ಹೆಸರು ಬೇರೆಯವರ ತಪ್ಪಿಗೆ ಮಾತ್ರ ಎಂದು ನನಗೆ ಅವತ್ತು ಗೊತ್ತಾಯಿತು.

ಸಂಜೆ ಹಸು ಕರೆದು ಮುಗಿಸುವ ಹೊತ್ತಿಗೆ ಯಜಮಾನರು ಹೆಗಲ ಮೇಲೆ ಏನನ್ನೋ ಹೊತ್ತುಕೊಂಡು ಬಂದರು. ಹೊಳೆಯ ಕೆಳಗಡೆ ಜೊಂಡಿಗೆ ಸಿಕ್ಕಿಹಾಕಿಕೊಂಡಿತ್ತಂತೆ ಆ ಟಾರಿನ ಹಾಳೆ. ಮಳೆಗಾಲಕ್ಕೆ ಹುಲ್ಲಿನ ಮೆದೆಗೆ ಹೊದಿಸಲು ಆಗುತ್ತದೆ ಎಂದು ತಂದಿದ್ದರು. ಅಂಗಳದಲ್ಲಿ ಹಾಸಿದರು. ನೀರಿನಲ್ಲಿ ಸಗಣಿಯೆಲ್ಲ ತೊಳೆದುಹೋಗಿ ಒಳಮಗ್ಗುಲು ಮೇಲೆ ಬಂದಿತ್ತು. ಬಿಸಿ ಟಾರು ಸಗಣಿಯಲ್ಲಿ ನನ್ನ ಬೆರಳು ಎಳೆದಿದ್ದ ಗೆರೆಗಳ ಒಳಕ್ಕೆಲ್ಲ ಇಳಿದು ಗಟ್ಟಿಯಾಗಿತ್ತಲ್ಲ, ಆ ಹಾಳೆಯ ಮೇಲೆ ಅರ್ಧಚಂದ್ರಕ್ಕೆ ಅರ್ಧಚಂದ್ರ ಕೂಡಿಕೊಂಡು, ನಾಲ್ಕು ನಾಲ್ಕು ಬೆರಳು ಅಚ್ಚೊತ್ತಿದ ಹಾಗೆ ಆ ಗೆರೆಗಳು ಎದ್ದು ನಿಂತಿದ್ದವು.

ಭಾಗ್ಯ ಹಾಲಿನ ಚೊಂಬು ಹಿಡಿದುಕೊಂಡು ಬಂದವಳು ನಿಂತಳು. ಹಾಳೆ ನೋಡಿದಳು. ಅಂಗಳ ನೋಡಿದಳು. ಮತ್ತೆ ಹಾಳೆ ನೋಡಿದಳು. "ಅತ್ತೆ, ಬಲದಿಂದ ಎಡಕ್ಕೆ" ಅಂದಳು. ಅಷ್ಟೇ ಅಂದದ್ದು. ನಾಲ್ಕು ವರ್ಷ ನಾನು ಹೇಳಿಕೊಟ್ಟ ಪಾಠ ಅವಳ ತಲೆಗೆ ಹೋಗಿಲ್ಲ ಅಂದುಕೊಂಡಿದ್ದೆ. ಚೆನ್ನಾಗಿಯೇ ಹೋಗಿತ್ತು.

ಯಜಮಾನರು ಆ ಗೆರೆಗಳನ್ನು ದಂಡೆಯಲ್ಲೇ ನೋಡಿದ್ದರು. ಅದಕ್ಕೇ ಯಾರ ಕಣ್ಣಿಗೂ ಬೀಳದ ಹಾಗೆ ಹಾಳೆಯನ್ನು ಮಡಿಸಿ ಹೊತ್ತು ತಂದಿದ್ದರು. ರಾತ್ರಿ ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತ, ತಲೆ ಎತ್ತದೆ, "ನಾಳೆ ಮೆದೆಗೆ ಒದಿಸ್ಬುಡ್ತೀನಿ. ಗೆರೆ ಮ್ಯಾಲಕ್ಕೆ ಬರಂಗೆ ಒದಿಸ್ಲೋ, ಕೆಳೀಕೆ ಆಕಿ ಒದಿಸ್ಲೋ?" ಅಂದರು.

ಕೆಳಕ್ಕೆ ಹಾಕಿ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆ ಮನುಷ್ಯ ಸಾಯುವ ತನಕ ಇನ್ನೊಂದು ಮಾತು ಆಡುತ್ತಿರಲಿಲ್ಲ. ಆ ಕ್ಷಣಕ್ಕೆ ನನ್ನ ಕಣ್ಣ ಮುಂದೆ ಬಂದದ್ದು ಸಾಬರ ಎರಡು ಬೆರಳು, ಒಳ್ಳೆಯ ಟಾರನ್ನು ಹಿಡಿದು ತಿಕ್ಕುತ್ತಿದ್ದ ಬೆರಳು. "ಯಾವ ಕಡೀಕೂ ಒದಿಸ್ಬ್ಯಾಡಿ, ಅದು ನಂಗೆ ಬೇಕು" ಅಂದೆ.

ಮಾರನೆಯ ದಿನ ಬೆಳಿಗ್ಗೆ ಹಾಲಿನ ಕ್ಯಾನನ್ನು ಸೊಸೆಯ ಕೈಗೆ ಕೊಟ್ಟು, ನಾನು ಹಾಳೆಯನ್ನು ತಲೆಯ ಮೇಲೆ ಹೊತ್ತುಕೊಂಡು ಡೈರಿಗೆ ಹೋದೆ. ತೆಪ್ಪದವರೆಲ್ಲ ಹಾಲು ಹಿಡಿದುಕೊಂಡು ಸಾಲಾಗಿ ನಿಂತಿದ್ದರು. ಹಾಳೆಯನ್ನು ಅವರ ಕಾಲ ಬಳಿ ಹಾಸಿ, ಮಂಡಿಯೂರಿ, ಆ ಗೆರೆಗಳ ಮೇಲೆ ನನ್ನ ಬೆರಳಿಟ್ಟು ಬಲದಿಂದ ಎಡಕ್ಕೆ ಎಳೆದು ತೋರಿಸಿದೆ. "ಸಾಬರು ಬ್ಯಾಡ ಅಂದಿದ್ರು. ಕದ್ದು ಸಗಣಿ ಸಾರಿಸ್ದೋಳು ನಾನು. ಟಾರು ಚೆಂದಾಗದೆ, ತಪ್ಪು ನಂದು. ಬೋರ, ನೆನ್ನೆ ಬಾಯಿಗೆ ಬಂದಂಗೆ ಅಂದೋನು ನೀನು, ನೀನೇ ಸೈಕಲ್ ತಕ್ಕಂಡು ಓಗಿ ಅವರನ್ನ ಕರ್ಕಂಡು ಬಾ" ಅಂದೆ.

ಬೋರೇಗೌಡ ಬಗ್ಗಿ ಹಾಳೆಯನ್ನು ಬಹಳ ಹೊತ್ತು ನೋಡಿದ. "ಅತ್ಗೆ, ಏನ್ ಸಾರಿಸಿದ್ದೀಯೇ ಮಾರಾಯ್ತಿ" ಎಂದ. ಆಮೇಲೆ ಇಡೀ ಡೈರಿ ನಕ್ಕಿತು. ಹಾಲು ಅಳೆಯುವವನು ಅಳತೆ ಬಿಟ್ಟು ನಕ್ಕ. ಬೋರೇಗೌಡ ಕ್ಯಾನು ಅಲ್ಲೇ ಇಟ್ಟು ಪಟ್ಟಣಕ್ಕೆ ಸೈಕಲ್ ತುಳಿದ.

ಸಾಬರು ಬಂದರು. ಎಲ್ಲ ಕೇಳಿದರು. ಕನ್ನಡಕ ತೆಗೆದು ಒರೆಸಿಕೊಂಡು, "ಹಾಗಾದ್ರೆ ನನ್ನ ಕಣ್ಣು ಸರಿಯಾಗೇ ಇದೆ" ಅಂದರು. ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬದಲಿಗೆ ತೆಪ್ಪದ ಸುತ್ತ ಒಂದು ಸುತ್ತು ಬಂದು, "ಮತ್ತೆ ಬಳೀಬೇಕಾದ್ರೆ ಉಳಿದಿರೋ ಸಗಣಿ ಎಲ್ಲಾ ಹೋಗ್ಬೇಕು ಅಮ್ಮಾ. ಒಂದು ಚೂರೂ ಇರಬಾರದು" ಅಂದರು.

ನಾನು ತೆಂಗಿನಚಿಪ್ಪು ಹಿಡಿದುಕೊಂಡು ಕೆರೆಯಲು ಕೂತೆ. ಮೇಲಿನ ಟಾರು, ಎಳೆದರೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸಲೀಸಾಗಿ ಬಂದುಬಿಟ್ಟಿತು. ನನ್ನ ಸಗಣಿ ಬರಲಿಲ್ಲ. ನೀರು ಮುಟ್ಟದ ಅಂಚಿನ ಸುತ್ತ ಕಲ್ಲಿನ ಹಾಗೆ ಕಚ್ಚಿಕೊಂಡಿತ್ತು. ನೆನೆಸಿ ಕೆರೆದೆ, ಉಗುರಿನಲ್ಲಿ ಕಿತ್ತೆ, ಕುಡುಗೋಲಿನ ಹಿಂಬದಿಯಿಂದ ತಟ್ಟಿದೆ. ಬಿಸಿಲು ನೆತ್ತಿಗೆ ಬಂತು. ಸಾಬರು ಹೊಂಗೆಯ ನೆರಳಿನಲ್ಲಿ ಕೂತು ಸೊಸೆ ಕೊಟ್ಟ ಕಾಫಿ ಕುಡಿಯುತ್ತ, "ಆ ಕಡೆ ಇನ್ನೂ ಒಂಚೂರು ಇದೆ ಅಮ್ಮಾ" ಅನ್ನುತ್ತಿದ್ದರು. ಏಳು ತೆಪ್ಪದವರು ಸುತ್ತ ನಿಂತು ನೋಡುತ್ತಿದ್ದರು. ಭುಜ ಬಿದ್ದುಹೋಗುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು, ಮಾಡಿದ ತಪ್ಪಿಗೆ ನಾಚಿಕೆಯಾಗಬೇಕಿತ್ತು. ಆದರೆ ಒಳಗೊಳಗೇ ನಾನು, ನೋಡಿಕೊಳ್ಳಿ ಮುಂಡೇವಾ, ಸಾರಿಸುವುದು ಅಂದರೆ ಹೀಗೆ ಸಾರಿಸಬೇಕು ಅಂದುಕೊಳ್ಳುತ್ತ ಕೆರೆಯುತ್ತಿದ್ದೆ.